ಸಮಗತಿ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಆಳಂದ, ಪಶ್ಚಿಮದ ದಾರಿ ಹಿಡಿದರೆ ಅಫಜಲಪುರ, ದಕ್ಷಿಣಕ್ಕೆ ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿದರೆ ಜೇವರ್ಗಿ. ಈ ಮೂರು ತಾಲೂಕುಗಳ ವಿಚಾರವನ್ನು ಹೇಳಹೊರಟವರು ಕಪ್ಪು ನೆಲದ ತೊಗರಿಯನ್ನೂ, ಗಾಣಗಾಪುರದ ದತ್ತ ಸನ್ನಿಧಿಯನ್ನೂ, ಆಳಂದದ ಲಾಡ್ಲೆ ಮಶಾಕರ ದರ್ಗಾವನ್ನೂ, ಶರಣಬಸವೇಶ್ವರರಿಗೆ ಜನ್ಮವಿತ್ತ ಅರಳಗುಂಡಗಿಯನ್ನೂ ಸ್ಮರಿಸಿ ವಿರಮಿಸುವುದು ವಾಡಿಕೆಯಾಗಿದೆ. ಇದೇ ಸೀಮೆಯ ಮನೆಗಳ ಪಡಸಾಲೆಗಳಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ, ಕಂಪ್ಯೂಟರುಗಳು ಬಂದು ನೆಲೆಯೂರಿವೆಯೆಂಬುದೂ, ಹಗಲು ಶಾಲೆ ಕಾಲೇಜುಗಳಿಗೆ ಹೋಗಿಬರುವ ಹುಡುಗರು ಸಂಜೆಯ ಮೇಲೆ ಅವುಗಳ ಮುಂದೆ ಕುಳಿತು ಆಟದಲ್ಲಿ ತಲ್ಲೀನರಾಗಿರುತ್ತಾರೆಂಬುದೂ, ಆ ಆಟ ನಡುದಾರಿಯಲ್ಲಿ ತಡವರಿಸಿ ನಿಂತುಹೋದಾಗ ಅವರಿಗಾಗುವ ಸಂಕಟವು ನಿಜವಾದ ಸಂಕಟವೇ ಎಂಬುದೂ ಅಷ್ಟಾಗಿ ಯಾರ ಲಕ್ಷ್ಯಕ್ಕೂ ಬಂದಂತಿಲ್ಲ. ಬಹುಕಾಲ ವಿಜ್ಞಾನದ ಪಾಠ ಹೇಳಿ, ನಿವೃತ್ತಿಯ ತರುವಾಯ ಇಂಥ ಯಂತ್ರಗಳ ದುರಸ್ತಿಯಲ್ಲಿ ಕಾಲ ಕಳೆಯುತ್ತಿರುವ ನನಗೆ ಮಾತ್ರ ಆ ಸಂಕಟದ ಪರಿಚಯ ಚೆನ್ನಾಗಿ ಉಂಟು.

ಈ ಕಂಪ್ಯೂಟರುಗಳಲ್ಲಿ ಬಹುಪಾಲು ಬಿಡಿಭಾಗಗಳಿಂದ ಕೂಡಿಸಿದವು. ಕೆಲವರು ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಕೊಳ್ಳುತ್ತಾರೆ; ಸೊಲ್ಲಾಪುರಕ್ಕೆ ಹೋಗುವವರೂ ಇದ್ದಾರೆ; ಸ್ವಲ್ಪ ಬಲ್ಲವರಾದರೆ ರಾತ್ರಿಯ ಬಸ್ಸಿಗೆ ಹೊರಟು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಲ್ಲಿ ಸುತ್ತಾಡಿ, ಒಂದು ಕಡೆ ಮದರ್‌ಬೋರ್ಡು, ಇನ್ನೊಂದು ಕಡೆ ಹಳೆಯ ಗ್ರಾಫಿಕ್ಸ್ ಕಾರ್ಡು ಎಂದು ಹುಡುಕಿ ತರುತ್ತಾರೆ. ತಂದೆ ತೊಗರಿ ಮಾರಿ ಬಂದ ಹಣದಲ್ಲಿ ಒಂದಂಶವನ್ನು ತೆಗೆದಿಟ್ಟು ಕೊಡಿಸಿದ ಯಂತ್ರವಾದ್ದರಿಂದ ಅದು ಕೆಟ್ಟಿತೆಂದು ಮನೆಯಲ್ಲಿ ಹೇಳುವ ಧೈರ್ಯ ಹುಡುಗರಿಗೆ ಇರುವುದಿಲ್ಲ. ಜೇವರ್ಗಿಯ ಕಡೆಯ ಒಬ್ಬ ಹುಡುಗನು ಕ್ಯಾಬಿನೆಟ್ಟನ್ನು ಹಳೆಯ ಚಾದರದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಚೈತ್ರದ ಒಂದು ಮಧ್ಯಾಹ್ನ ನನ್ನಲ್ಲಿಗೆ ಬಂದದ್ದು ಇಂಥ ಸಂಕೋಚದಿಂದಲೇ.

"ಸರ್ರ, ಅರ್ಧಾ ತಾಸು ಚೊಲೋ ನಡೀತದ್ರಿ, ಆಮ್ಯಾಲ ಲ್ಯಾಗ್ ಹೊಡೀಲತದ, ಮತ್ತ ಒಮ್ಮಿಗೇ ಬಂದ್ ಬೀಳ್ತದ. ಗ್ರಾಫಿಕ್ಸ್ ಕಾರ್ಡೇ ಹೋಗ್ಯಾದ ಅಂತ ಎಲ್ಲಾರೂ ಅನ್ಲತಾರ," ಎಂದನು.

"ಎಲ್ಲಾರೂ ಅಂದ್ರ ಯಾರು ತಮ್ಮಾ?"

"ಗೆಳ್ಯಾರ್ರಿ."

"ಹೋಗ್ಯಾದೋ ಇಲ್ಲೋ ಬಿಚ್ಚಿ ನೋಡಾಮು. ನೋಡ್ಲಾರದ ಕಾರ್ಡಿನ ಮ್ಯಾಲ ಅಪವಾದ ಹೊರಸೂದು ಬ್ಯಾಡ."

ಅವನ ಮಾತಿನಲ್ಲಿ ನಿಜವಾಗಿ ಉಪಯುಕ್ತವಾದದ್ದು ಗ್ರಾಫಿಕ್ಸ್ ಕಾರ್ಡಿನ ವಿಚಾರವಲ್ಲ, ಅರ್ಧ ತಾಸಿನ ವಿಚಾರ. ಯಂತ್ರದ ವ್ಯಾಧಿಯಲ್ಲಿ ಮೊದಲು ಕೇಳತಕ್ಕ ಪ್ರಶ್ನೆ ಯಾವಾಗ ಎಂಬುದು. ಆಟವು ತೆರೆಯುವ ಮುನ್ನವೇ ಮುಚ್ಚಿಕೊಂಡರೆ ಅದರ ಕಡತಗಳಲ್ಲಿಯೋ ಡ್ರೈವರಿನಲ್ಲಿಯೋ ದೋಷವಿರುವ ಸಂಭವ ಹೆಚ್ಚು. ಪ್ರತಿ ಸಲವೂ ಅದೇ ಊರಿನ ಅದೇ ತಿರುವಿನಲ್ಲಿ ನಿಂತರೆ ಆಟವನ್ನು ರಚಿಸಿದವರ ಕಡೆಗೇ ದೃಷ್ಟಿಯನ್ನು ತಿರುಗಿಸಬೇಕು. ಕಾಲದೇಶಗಳ ನಿಯಮವೇ ಇಲ್ಲದೆ ಇಂದು ಒಂದು ಬಗೆಯಾಗಿ ನಾಳೆ ಇನ್ನೊಂದು ಬಗೆಯಾಗಿ ಕುಸಿದರೆ ರ್‍ಯಾಮನ್ನೋ ವಿದ್ಯುತ್ತಿನ ಪೂರೈಕೆಯನ್ನೋ ಶಂಕಿಸಬೇಕು. ಕೆಲಹೊತ್ತು ಸುಗಮವಾಗಿ ನಡೆದು ಆಮೇಲೆ ಮಂದಗತಿಗಿಳಿದು ಕಡೆಗೆ ನಿಂತಿತೆಂದರೆ, ನಮ್ಮ ಸೀಮೆಯಲ್ಲಂತೂ, ಉಷ್ಣವನ್ನು ಬಿಟ್ಟು ಬೇರೆ ಕಾರಣವನ್ನು ಮೊದಲಿಗೆ ಹುಡುಕುವ ಅಗತ್ಯವಿಲ್ಲ.

ಪಕ್ಕದ ತಗಡನ್ನು ತೆಗೆದೊಡನೆ ಕಾರಣವು ಕಣ್ಣಿಗೆ ಬಿದ್ದಿತು. ಪುಷ್ಯ ಮಾಘಗಳಲ್ಲಿ ತೊಗರಿಯ ರಾಶಿ ನಡೆಯುವಾಗ ಒಕ್ಕಣೆಯ ಯಂತ್ರದಿಂದೇಳುವ ಹೊಟ್ಟಿನ ಸಣ್ಣ ಪುಡಿಯು ಹೊಲದಿಂದ ಮನೆಯವರ ಬಟ್ಟೆಗಂಟಿ, ಚೀಲಗಳಿಗಂಟಿ ಒಳಗೆ ಬರುತ್ತದೆ. ನೆಲದ ಮೇಲಿಟ್ಟ ಕ್ಯಾಬಿನೆಟ್ಟಿನ ಫ್ಯಾನು ಅದನ್ನು ಹಗಲಿರುಳು ಒಳಗೆ ಸೆಳೆದುಕೊಳ್ಳುತ್ತದೆ. ಪ್ರೊಸೆಸರಿನ ಮೇಲೆ ಕುಳಿತ ಹೀಟ್‌ಸಿಂಕಿನ ಅಲ್ಯೂಮಿನಿಯಂ ಹಾಳೆಗಳ ನಡುವಣ ಸಂದುಗಳು ಮುಚ್ಚಿಹೋಗಿ, ಫ್ಯಾನಿನ ಕೆಳಗೆ ಕಂದುಬಣ್ಣದ ಒಂದು ಪದರವು ನೇಯ್ದು ಹಾಸಿದ ಹಾಗೆ ಕೂತಿತ್ತು. ಬೆರಳಿನಿಂದ ಎಬ್ಬಿಸಿದರೆ ಇಡಿಯಾಗಿಯೇ ಎದ್ದು ಬಂದಿತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಕೆಳಗೆ ಇಳಿಯುತ್ತಿರಲಿಲ್ಲ. ಬ್ಲೋವರಿನಿಂದ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಬೇಕೆಂದು ಹುಡುಗನಿಗೆ ತೋರಿಸಿದೆ. ಬಿಟ್ಟರೆ ಅದು ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗು ಕೆಡುತ್ತದೆ. ಬಳಿಕ ಹೀಟ್‌ಸಿಂಕನ್ನು ಬಿಚ್ಚಿ, ಒಣಗಿ ಸುಣ್ಣದ ಹಕ್ಕಳೆಯಾಗಿದ್ದ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಅರಿವೆಯಿಂದ ಒರೆಸಿ, ತೊಗರಿ ಕಾಳಿನಷ್ಟೇ ಹೊಸ ಪೇಸ್ಟನ್ನು ನಡುವೆ ಇಟ್ಟು, ನಾಲ್ಕು ಮೂಲೆಗಳನ್ನೂ ಕರ್ಣರೇಖೆಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿದೆವು. ಹೆಚ್ಚು ಹಾಕಿದರೆ ಹೆಚ್ಚು ತಂಪೆಂಬ ಭಾವನೆ ತಪ್ಪು. ಎರಡು ಲೋಹತಲಗಳ ನಡುವೆ ಕಣ್ಣಿಗೆ ಕಾಣದ ಕುಳಿಗಳಲ್ಲಿ ನಿಂತ ಗಾಳಿಯನ್ನು ಹೊರದೂಡುವುದಷ್ಟೇ ಅದರ ಕೆಲಸ, ಏಕೆಂದರೆ ನಿಂತ ಗಾಳಿಯು ಉಷ್ಣವನ್ನು ಸಾಗಿಸಲೊಲ್ಲದು.

ಪ್ರೊಸೆಸರಿನೊಳಗೆ ತನ್ನ ತಾಪವನ್ನು ತಾನೇ ಅಳೆದುಕೊಳ್ಳುವ ವ್ಯವಸ್ಥೆಯುಂಟು. ಇಂದಿನ ಬಹುತೇಕ ಪ್ರೊಸೆಸರುಗಳಲ್ಲಿ ಆ ತಾಪವು 95ರಿಂದ 100 ಡಿಗ್ರಿಗಳ ಮೇರೆಯನ್ನು ಮುಟ್ಟಿದೊಡನೆ ಅದು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಇಳಿಸಿಯೂ ಸಾಲದಿದ್ದರೆ ಆತ್ಮರಕ್ಷಣೆಗಾಗಿ ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಹುಡುಗನು ಲ್ಯಾಗ್ ಎಂದು ಕರೆದದ್ದು ಮೊದಲನೆಯ ಅವಸ್ಥೆ, ಬಂದ್ ಬೀಳುವುದೆಂದು ಕರೆದದ್ದು ಎರಡನೆಯದು. ಗಾಳಿಯಿಂದ ತಂಪುಗೊಳ್ಳುವ ಯಾವ ಯಂತ್ರವೂ ತನ್ನ ಸುತ್ತಲಿನ ಗಾಳಿಗಿಂತ ತಂಪಾಗಲಾರದೆಂಬುದು ಪ್ರಕೃತಿನಿಯಮ. ವೈಶಾಖದಲ್ಲಿ ಕಲಬುರಗಿಯ ಹೊರಗಾಳಿಯೇ 42, 43 ಡಿಗ್ರಿಗೆ ಏರುವಾಗ, ತಗಡಿನ ಮಾಡಿನ ಕೋಣೆಯಲ್ಲಿ ಕುಳಿತ ಯಂತ್ರವು ತಂಪುದೇಶಗಳ ಕೋಣೆಯಲ್ಲಿ ಕುಳಿತ ಯಂತ್ರಕ್ಕಿಂತ 20 ಡಿಗ್ರಿ ಮೇಲಿನಿಂದಲೇ ತನ್ನ ಪಯಣವನ್ನು ಆರಂಭಿಸುತ್ತದೆ. ಆಟಗಳ ಪೊಟ್ಟಣದ ಮೇಲೆ ಇಂಥ ಪ್ರೊಸೆಸರು, ಇಷ್ಟು ರ್‍ಯಾಮು ಸಾಕೆಂದು ಬರೆದಿರುತ್ತಾರೆ. ಕೋಣೆಯ ತಾಪ ಎಷ್ಟಿರಬೇಕೆಂದು ಬರೆದಿರುವುದಿಲ್ಲ. ನಮ್ಮವರಿಗೆ ಅತ್ಯವಶ್ಯಕವಾದ ಅಂಕಿ ಅದೇ ಆಗಿತ್ತು.

ಇಲ್ಲಿಗೆ ಯಂತ್ರ ನಿಲ್ಲುವುದು ತಪ್ಪಿತಾದರೂ ಹುಡುಗನ ಮನಸ್ಸಿಗೆ ಸಮಾಧಾನವಾಗಲಿಲ್ಲ. ತೆರೆಯ ಮೂಲೆಯಲ್ಲಿ ಹಸಿರು ಅಕ್ಷರಗಳಲ್ಲಿ ಓಡುವ ಸಂಖ್ಯೆ 90ಕ್ಕೆ ಹೋಗಬೇಕು, ಗೆಳೆಯನದು ಹೋಗುತ್ತದೆ, ತನ್ನದು 70ರ ಆಸುಪಾಸಿನಲ್ಲಿದೆಯೆಂಬುದು ಅವನ ಕೊರಗು. ಸೆಕೆಂಡಿಗೆ ಎಷ್ಟು ಫ್ರೇಮುಗಳೆಂಬ ಈ ಸಂಖ್ಯೆಯ ವಿಷಯದಲ್ಲಿ ನಾನು ಹೇಳಬೇಕಾದದ್ದು ಒಂದಿದೆ, ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಸೆಕೆಂಡಿಗೆ 60 ಫ್ರೇಮುಗಳೆಂದರೆ ಒಂದೊಂದು ಚಿತ್ರಕ್ಕೂ 16.7 ಮಿಲಿಸೆಕೆಂಡು ಅವಕಾಶವಿದೆಯೆಂದು ಅರ್ಥ. 30 ಎಂದರೆ 33.3. ಈಗ ಒಂದು ಸೆಕೆಂಡಿನಲ್ಲಿ 59 ಚಿತ್ರಗಳು ತಲಾ ಹದಿಮೂರೂವರೆ ಮಿಲಿಸೆಕೆಂಡಿನಲ್ಲಿ ಹೊರಬಂದು, ಉಳಿದ ಒಂದೇ ಒಂದು ಚಿತ್ರವು 200 ಮಿಲಿಸೆಕೆಂಡು ತಡೆದು ಬಂದಿತೆಂದು ಇಟ್ಟುಕೊಳ್ಳಿ. ಮೂಲೆಯ ಸಂಖ್ಯೆ 60 ಎಂದೇ ಹೇಳುತ್ತದೆ. ಆದರೆ ಆಡುವವನ ಕಣ್ಣು ಆ ಒಂದು ತಡೆಯನ್ನು ಕಂಡುಬಿಡುತ್ತದೆ, ಕೈ ತಪ್ಪುತ್ತದೆ, ಎದುರಾಳಿಯ ಗುಂಡು ತಗಲುತ್ತದೆ. ಸರಾಸರಿಯೆಂಬುದು ತಡೆಗಳನ್ನು ಮುಚ್ಚಿಡುವ ಲೆಕ್ಕ. ಆದ್ದರಿಂದಲೇ ಬಲ್ಲವರು ಸರಾಸರಿಯ ಜೊತೆಗೆ, ಅತಿ ನಿಧಾನವಾದ ನೂರಕ್ಕೊಂದು ಪಾಲು ಚಿತ್ರಗಳ ವೇಗವನ್ನೂ ಅಳೆಯುತ್ತಾರೆ. ಕಣ್ಣು ಬಯಸುವುದು ಅಧಿಕವೇಗವನ್ನಲ್ಲ, ಸಮಗತಿಯನ್ನು.

ಅವನ ಮಾನಿಟರು 60 ಹರ್ಟ್ಸಿನದು. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರಗಳನ್ನು ಪೂರ್ತಿಯಾಗಿ ತೋರಿಸುವ ಶಕ್ತಿಯೇ ಅದಕ್ಕಿಲ್ಲ. ಅದರ ಮೇಲಿನ ಫ್ರೇಮುಗಳಿಂದ ಮೌಸಿನ ಸ್ಪಂದನ ಎಲ್ಲೋ ಒಂದಿಷ್ಟು ಚುರುಕಾದೀತು, ನಿಜ. ಅದಕ್ಕೆ ತೆರುವ ಬೆಲೆಯೆಂದರೆ ಗ್ರಾಫಿಕ್ಸ್ ಕಾರ್ಡು ಸದಾ ತನ್ನ ಶಕ್ತಿಯ ಕಟ್ಟಕಡೆಯಲ್ಲಿ ದುಡಿಯುವುದು, ಆ ದುಡಿಮೆಯೆಲ್ಲ ಉಷ್ಣವಾಗಿ ಅದೇ ಕೋಣೆಗೆ ಇಳಿಯುವುದು, ಆ ಉಷ್ಣದಿಂದ ವೇಗವು ಮತ್ತೆ ಕುಸಿಯುವುದು. ಹೀಗಿರುವಾಗ ಫ್ರೇಮುಗಳಿಗೆ 60ರ ಮಿತಿಯನ್ನು ಹಾಕುವುದು, ಬೇಸಿಗೆಯ ಮಧ್ಯಾಹ್ನ 45ಕ್ಕೇ ನಿಲ್ಲಿಸುವುದು, ನಮ್ಮ ಸೀಮೆಯಲ್ಲಿ ಆಟವನ್ನು ಉತ್ತಮಗೊಳಿಸುವ ಉಪಾಯವೇ ಹೊರತು ಕುಗ್ಗಿಸುವುದಲ್ಲ. ಮಿತಿ ಹಾಕಿ ಆಡಿಸಿ ತೋರಿಸಿದಾಗ ಆ ಹುಡುಗನು ಬಹಳ ಹೊತ್ತು ಮಾತನಾಡದೆ ಆಡಿದನು. ಆಮೇಲೆ, "ಕಡ್ಮಿ ಐತಿ ಅಂತ ಅನಸವಲ್ದಲ್ರಿ," ಎಂದನು. ಮೂಲೆಯ ಸಂಖ್ಯೆಯನ್ನು ತಾನೇ ಅಳಿಸಿದನು.

ಫ್ರೇಮುಗಳು ನಿಜವಾಗಿಯೂ ಸಾಲದೆ ಇರುವ ಪ್ರಸಂಗಗಳೂ ಉಂಟು. ಅಫಜಲಪುರದ ಒಬ್ಬ ವಿದ್ಯಾರ್ಥಿನಿಯ ಲ್ಯಾಪ್‌ಟಾಪು ಅಂಥದು. ಪದವಿಯ ಓದಿಗೆಂದು ಕೊಂಡದ್ದು, ಪ್ರತ್ಯೇಕವಾದ ಗ್ರಾಫಿಕ್ಸ್ ಕಾರ್ಡಿಲ್ಲ. ರಾತ್ರಿ ತಮ್ಮನೊಡನೆ ಸರದಿಯ ಮೇಲೆ ವ್ಯಾಲೊರಂಟ್ ಆಡುತ್ತಾಳೆ. ಅವಳು ಮಾಡಿಕೊಂಡು ಬಂದಿದ್ದ ಕೆಲಸವನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ, ಯಾವ ದಿನ, ಯಾವ ಹೊತ್ತು, ಯಾವ ಒಂದು ಸೆಟ್ಟಿಂಗನ್ನು ಬದಲಿಸಿದ್ದು, ಬದಲಿಸುವ ಮೊದಲು ಎಷ್ಟು ಫ್ರೇಮುಗಳು, ಬದಲಿಸಿದ ಮೇಲೆ ಎಷ್ಟು ಎಂದು ಬರೆದಿಟ್ಟಿದ್ದಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಹತ್ತು ಸೆಟ್ಟಿಂಗುಗಳನ್ನು ಒಟ್ಟಿಗೆ ತಿರುವಿ, ಡ್ರೈವರನ್ನೂ ಹೊಸದಾಗಿ ಹಾಕಿ, ಯಾವುದೋ ಗೇಮ್ ಬೂಸ್ಟರನ್ನೂ ಸೇರಿಸಿ, ಕಡೆಗೆ ಗುಣವಾದದ್ದು ಯಾವುದರಿಂದ ಎಂಬುದನ್ನೇ ತಿಳಿಯದೆ ಕೂತವರನ್ನು ನೋಡಿ ನೋಡಿ ಬೇಸತ್ತ ನನಗೆ ಆ ನೋಟ್‌ಬುಕ್ಕಿನಲ್ಲಿ ವಿಜ್ಞಾನದ ನಿಜವಾದ ಶಿಸ್ತೇ ಕಾಣಿಸಿತು. ಚಾರ್ಜರ್ ತೆಗೆದರೆ ಫ್ರೇಮುಗಳು ಬೀಳುತ್ತವೆಂಬುದನ್ನೂ, ಹಾಸಿಗೆಯ ಮೇಲಿಟ್ಟರೆ ಕೆಳಗಿನ ಗಾಳಿಕಂಡಿಗಳು ಮುಚ್ಚಿಹೋಗುತ್ತವೆಂಬುದನ್ನೂ ಅವಳು ಯಾರೂ ಹೇಳಿಕೊಡದೆ ಕಂಡುಕೊಂಡಿದ್ದಳು.

ಅವಳು ಕಾಣದೆ ಉಳಿದಿದ್ದ ಕಾರಣವು ಯಂತ್ರದ ಒಳಗಿತ್ತು. ಪ್ರತ್ಯೇಕ ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಭಾಗವು ತನ್ನದಾದ ಸ್ಮೃತಿಯಿಲ್ಲದೆ ಮುಖ್ಯ ರ್‍ಯಾಮನ್ನೇ ಆಶ್ರಯಿಸಿರುತ್ತದೆ. ಇವಳದರಲ್ಲಿ ಎರಡು ಸ್ಲಾಟುಗಳಿದ್ದು ರ್‍ಯಾಮಿನ ಒಂದೇ ಪಟ್ಟಿ ಇತ್ತು. ಡಿಡಿಆರ್‌4-3200 ಜಾತಿಯ ಒಂದು ಪಟ್ಟಿ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟುಗಳನ್ನು ಸಾಗಿಸಬಲ್ಲದು. ಅಂಥದೇ ಇನ್ನೊಂದನ್ನು ಜೊತೆಗೆ ಹಾಕಿದರೆ ದಾರಿಗಳೆರಡಾಗಿ ಅದು 51.2ಕ್ಕೆ ಏರುತ್ತದೆ. ಎರಡನೆಯ ಪಟ್ಟಿಯನ್ನು ಹಾಕಿದ ಮೇಲೆ ಆದ ವ್ಯತ್ಯಾಸವನ್ನು ಅವಳು ಅಲ್ಲಿಯೇ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇನ್ನೊಂದು ಉಪಾಯಕ್ಕೆ ಹಣವೇ ಬೇಡ. 1920ಕ್ಕೆ 1080ರ ತೆರೆಯೆಂದರೆ 20,73,600 ಬಿಂದುಗಳು; 1280ಕ್ಕೆ 720 ಎಂದರೆ 9,21,600. ಬಿಡಿಸಬೇಕಾದ ಬಿಂದುಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಚಿತ್ರದ ಅಂಚು ಒಂದಿಷ್ಟು ಮಬ್ಬಾದರೂ ಗತಿ ಸರಾಗವಾಗುತ್ತದೆ. ರೆಸಲ್ಯೂಶನ್ ಇಳಿಸಿಯೂ ಫ್ರೇಮುಗಳು ಏರದಿದ್ದರೆ, ಕೊರತೆಯಿರುವುದು ಗ್ರಾಫಿಕ್ಸಿನಲ್ಲಲ್ಲ, ಪ್ರೊಸೆಸರಿನಲ್ಲಿ ಎಂದು ನಿಶ್ಚಯಿಸಬಹುದು. ಹೊಸ ಕಾರ್ಡಿಗೆ ಹಣ ಸುರಿಯುವ ಮುನ್ನ ಎಲ್ಲರೂ ಮಾಡಿ ನೋಡತಕ್ಕ ಪರೀಕ್ಷೆಯಿದು.

ವಿದ್ಯುತ್ತಿನ ವಿಚಾರವನ್ನೂ ಬಿಡುವಂತಿಲ್ಲ. ಹಳ್ಳಿಗಳಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಹೊರಟ ಹೊತ್ತಿನಲ್ಲಿ ವೋಲ್ಟೇಜು ಇಳಿಯುತ್ತದೆ; ದೀಪ ಮಂಕಾಗುವುದು ಎಲ್ಲರಿಗೂ ಕಾಣುತ್ತದೆ, ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತನ್ನು ಹಂಚುವ ಎಸ್‌ಎಂಪಿಎಸ್ ಪಡುವ ಪಾಡು ಯಾರಿಗೂ ಕಾಣುವುದಿಲ್ಲ. ಅಗ್ಗದ ಎಸ್‌ಎಂಪಿಎಸ್ ಇದ್ದಲ್ಲಿ, ಆಟದ ಭಾರ ಹೆಚ್ಚಿದ ಕ್ಷಣದಲ್ಲಿಯೇ ಯಂತ್ರವು ಯಾವ ಸಂದೇಶವನ್ನೂ ತೋರಿಸದೆ ಮರುಹುಟ್ಟು ಪಡೆಯುತ್ತದೆ. ಅಂಥಾಗ ವಿಂಡೋಸಿನ ಈವೆಂಟ್ ವ್ಯೂವರನ್ನು ತೆರೆದರೆ ಕರ್ನೆಲ್ ಪವರ್ 41 ಎಂಬ ನಮೂದು ಕಾಣುತ್ತದೆ. ಯಂತ್ರವು ವಿಧಿಪೂರ್ವಕವಾಗಿ ನಿಲ್ಲದೆ ನಿಂತಿತೆಂದಷ್ಟೇ ಅದರ ಹೇಳಿಕೆ. ಏಕೆ ನಿಂತಿತೆಂಬುದನ್ನು ನಾವೇ ಹುಡುಕಬೇಕು. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ಸು ಕೊಡಬಲ್ಲದ್ದು ಸುಮಾರು 360 ವ್ಯಾಟು ಮಾತ್ರ. ಸಾಧಾರಣ ಕೆಲಸಕ್ಕೆ ಅದು ಧಾರಾಳ. ದೊಡ್ಡ ಕಾರ್ಡಿನ ಯಂತ್ರದಲ್ಲಿ ಆಟ ನಡೆದಿರುವಾಗ ಕರೆಂಟು ಹೋದರೆ ಆ ಭಾರವನ್ನು ತಾಳಲಾರದೆ ಯುಪಿಎಸ್ಸೂ ಜೊತೆಗೇ ಮಲಗುತ್ತದೆ.

ಯಂತ್ರವು ತೋರಿಸುವ ದೋಷಸಂದೇಶವನ್ನು ಓದಬೇಕು, ಆದರೆ ಓದಿದೊಡನೆ ನಂಬಬಾರದೆಂಬುದಕ್ಕೆ ಇತ್ತೀಚಿನ ದೊಡ್ಡ ನಿದರ್ಶನವಿದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಪ್ರೊಸೆಸರುಗಳನ್ನು ಕೊಂಡ ಅನೇಕರಿಗೆ ಆಟಗಳು ಕುಸಿಯುವಾಗ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬರುತ್ತಿತ್ತು. ಜನರು ಸಹಜವಾಗಿಯೇ ಗ್ರಾಫಿಕ್ಸ್ ಕಾರ್ಡನ್ನು ದೂರಿದರು. 2024ರ ಜುಲೈ ತಿಂಗಳಲ್ಲಿ ಇಂಟೆಲ್ ಸಂಸ್ಥೆಯೇ, ಪ್ರೊಸೆಸರಿನ ಒಳಗಣ ಸೂಚನೆಗಳಾದ ಮೈಕ್ರೋಕೋಡಿನ ದೋಷದಿಂದ ಅದು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜನ್ನು ಕೇಳಿ ಪಡೆಯುತ್ತಿದೆಯೆಂದು ತಿಳಿಸಿತು. ಆಗಸ್ಟಿನಲ್ಲಿ ತಿದ್ದುಪಡಿ ಬಂದಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಆದರೆ ಆಗಲೇ ಸವೆದುಹೋದ ಪ್ರೊಸೆಸರು ತಿದ್ದುಪಡಿಯಿಂದ ಗುಣವಾಗುವುದಿಲ್ಲ, ಬದಲಿಸಿಯೇ ತೀರಬೇಕು.

ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದದ್ದು ಒಂದು ವಿಮಾನದ ವೃತ್ತಾಂತ. ಕಂಪ್ಯೂಟರಿಗೆ 2005ರಲ್ಲಿ ಬಂದ ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಟವನ್ನು ಆಡದ ಹುಡುಗರು ನಮ್ಮ ಕಡೆಯಲ್ಲಿ ವಿರಳ. ಹಳೆಯ ಯಂತ್ರದಲ್ಲಿಯೂ ಅದು ನಡೆಯುತ್ತದೆ. ಆ ಆಟದಲ್ಲಿ ಸ್ಕಿಮ್ಮರ್ ಎಂಬ, ನೀರಿನ ಮೇಲಿಳಿಯುವ ಒಂದು ಸಣ್ಣ ವಿಮಾನವುಂಟು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹಾಕಿಕೊಂಡವರ ಯಂತ್ರಗಳಲ್ಲಿ ಅದು ಇದ್ದಕ್ಕಿದ್ದಂತೆ ಮಾಯವಾಯಿತು. ತಪ್ಪು ಹೊಸ ವಿಂಡೋಸಿನದೇ ಎಂದು ಯಾರಾದರೂ ಹೇಳಿಯಾರು. ಹಳೆಯ ಆಟಗಳನ್ನು ತಿದ್ದುವುದರಲ್ಲಿ ಪ್ರಸಿದ್ಧನಾದ, ಸೈಲೆಂಟ್ ಎಂಬ ಹೆಸರಿನ ಪ್ರೋಗ್ರಾಮರನು ಹಟ ಹಿಡಿದು ಒಳಹೊಕ್ಕು ನೋಡಿ, 2025ರಲ್ಲಿ ಕಾರಣವನ್ನು ಹೊರಗಿಟ್ಟನು. ಹಿಂದಿನ ವೈಸ್ ಸಿಟಿ ಆಟದಲ್ಲಿ ಆ ವಿಮಾನವನ್ನು ದೋಣಿಗಳ ವರ್ಗದಲ್ಲಿ ಸೇರಿಸಿದ್ದರು. ದೋಣಿಗೆ ಚಕ್ರಗಳ ಅಳತೆ ಬೇಡ. ಸ್ಯಾನ್ ಆಂಡ್ರಿಯಾಸಿನಲ್ಲಿ ಅದನ್ನು ವಿಮಾನಗಳ ವರ್ಗಕ್ಕೆ ವರ್ಗಾಯಿಸಿದಾಗ, ವಾಹನಗಳ ವಿವರವನ್ನು ಸಾಲುಸಾಲಾಗಿ ಬರೆದಿಟ್ಟ ಕಡತದಲ್ಲಿ ಅದರ ಸಾಲಿಗೆ ಚಕ್ರಗಳ ಅಳತೆಯನ್ನು ಬರೆಯುವುದು ಉಳಿದುಹೋಯಿತು. ಆಟವು ಆ ಸಾಲನ್ನು ಓದುವಾಗ, ಹಿಂದಿನ ಸಾಲಿನ ವಾಹನದ ಚಕ್ರದ ಅಳತೆಯು ಸ್ಮೃತಿಯ ಅದೇ ಜಾಗದಲ್ಲಿ ಅಳಿಯದೆ ಉಳಿದಿರುತ್ತಿತ್ತು. ಅದನ್ನೇ ತನ್ನದೆಂದು ತೆಗೆದುಕೊಂಡು ವಿಮಾನವು ಇಪ್ಪತ್ತು ವರ್ಷ ಹಾರಾಡಿತು. ಹೊಸ ವಿಂಡೋಸು ತನ್ನ ಒಳಗಿನ ಯಾವುದೋ ಕೆಲಸಕ್ಕೆ ಆ ಜಾಗವನ್ನು ಉಪಯೋಗಿಸಿದ ದಿನ ಹಳೆಯ ಅಳತೆ ಅಳಿಯಿತು, ವಿಮಾನ ಹೋಯಿತು. ತಪ್ಪು ಮೊದಲಿನಿಂದಲೂ ಆಟದಲ್ಲಿಯೇ ಇತ್ತು. ಇಷ್ಟು ಅಡಗಿದ ಕಾರಣವೊಂದನ್ನು, ಪ್ರತಿಫಲದ ನಿರೀಕ್ಷೆಯಿಲ್ಲದೆ, ಹಳೆಯ ಆಟದ ಮೇಲಣ ಪ್ರೀತಿಯೊಂದರಿಂದಲೇ ಹುಡುಕಿ ತೆಗೆದ ಆ ಶ್ರದ್ಧೆಯನ್ನು ನೆನೆದಾಗ ನನಗೆ ಗೌರವವುಂಟಾಗುತ್ತದೆ.

ಆಟವಾಡಿ ಹುಡುಗರು ಕೆಡುತ್ತಾರೆಂದು ನೊಂದುಕೊಳ್ಳುವ ತಂದೆತಾಯಿಗಳ ಮಾತನ್ನು ನಾನು ಅಲ್ಲಗಳೆಯುವವನಲ್ಲ. ನಿದ್ರೆಗೆಟ್ಟು ಆಡುವುದು ಅನಾರೋಗ್ಯವೇ. ಆದರೆ ಒಂದು ಯಂತ್ರ ಏಕೆ ನಿಂತಿತೆಂದು ತಿಳಿಯಲು ಅದೇ ಹುಡುಗನು ಪಡುವ ಶ್ರಮ, ಊಹೆಯನ್ನು ಪರೀಕ್ಷೆಗೊಡ್ಡುವ ರೀತಿ, ಸೋತರೂ ಮತ್ತೆ ಕೂರುವ ತಾಳ್ಮೆ, ಇವು ನಮ್ಮ ಪಾಠಶಾಲೆಗಳ ಪ್ರಯೋಗಾಲಯಗಳಲ್ಲಿ ಬೀಗ ಹಾಕಿದ ಕಪಾಟುಗಳಿಂದ ಅವನಿಗೆ ದೊರೆತವಲ್ಲವೆಂಬುದನ್ನು ಅವರು ಗಮನಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಈಗ ನನ್ನ ಮೇಜಿನ ಮೇಲಿರುವುದು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಒಬ್ಬ ತರುಣನ ಕಂಪ್ಯೂಟರು. ಇದರದು ಕಾಲದೇಶಗಳ ನಿಯಮವಿಲ್ಲದ ಕುಸಿತ; ಪ್ರತಿ ಸಲವೂ ಸಂದೇಶ ಬೇರೆ. ತಾಪ ಸರಿಯಾಗಿದೆ, ವೋಲ್ಟೇಜೂ ಸರಿಯಾಗಿದೆ, ಡ್ರೈವರನ್ನು ಬುಡಸಹಿತ ತೆಗೆದು ಹೊಸದಾಗಿ ಹಾಕಿದ್ದಾಯಿತು. ರಾತ್ರಿಯಿಡೀ ರ್‍ಯಾಮನ್ನು ಪರೀಕ್ಷಿಸುವ ಮೆಮ್‌ಟೆಸ್ಟನ್ನು ಓಡಿಸಿದಾಗ ಬೆಳಗಿನ ಹೊತ್ತಿಗೆ ತೆರೆಯ ಮೇಲೆ ದೋಷಗಳ ಕೆಂಪು ಸಾಲುಗಳು ತುಂಬಿದ್ದವು. ಎರಡು ಪಟ್ಟಿಗಳನ್ನೂ ತೆಗೆದು, ಸಂಪರ್ಕದ ಅಂಚುಗಳನ್ನು ರಬ್ಬರಿನಿಂದ ಉಜ್ಜಿ, ಒಂದೊಂದನ್ನೇ ಒಂದೇ ಸ್ಲಾಟಿನಲ್ಲಿಟ್ಟು ಪರೀಕ್ಷಿಸಿದ ಮೇಲೆ, ಒಂದು ನಿರ್ದೋಷವೆಂದೂ ಇನ್ನೊಂದರಲ್ಲಿ ಮಾತ್ರ ತಪ್ಪುಗಳು ಮತ್ತೆ ಮತ್ತೆ ಬರುತ್ತವೆಂದೂ ನಿರ್ಧಾರವಾಯಿತು. ಕೆಟ್ಟ ಪಟ್ಟಿಗೆ ವಾರಂಟಿ ಇನ್ನೂ ಉಳಿದಿದೆ. ರಸೀದಿಯನ್ನು ಹುಡುಕಿ ತರಲು ಅವನು ಊರಿಗೆ ಹೋಗಿದ್ದಾನೆ. ಬದಲಿ ಬರುವವರೆಗೆ ಒಂದೇ ಪಟ್ಟಿಯಲ್ಲಿ, ಫ್ರೇಮುಗಳಿಗೆ 45ರ ಮಿತಿಯಿಟ್ಟು ಆಡಬಹುದೆಂದು ಹೇಳಿದ್ದೇನೆ; ಸಂಜೆ ಬಂದು ಒಯ್ಯುತ್ತಾನೆ.